ವಾರಕ್ಕೊಂದು ಸೂಜಿ, ಅರ್ಧ ಬಟ್ಟಲು ಗಂಜಿ

ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ ಎಂದರೆ ಉಡುಪಿಯಲ್ಲಿ ಎರಡು ಥರದ ಮಾತು ಕೇಳಬೇಕಾಗುತ್ತದೆ. ಒಂದು, ‘ಎಂತ ಮಾರಾಯ್ತಿ, ಅದೆಲ್ಲ ಸಿನಿಮಾದವರಿಗೆ ಅಲ್ವಾ?’ ಇನ್ನೊಂದು, ಸ್ವಲ್ಪ ದನಿ ತಗ್ಗಿಸಿ, ‘ಯಾವ ಡಾಕ್ಟರು? ನಂಬರ್ ಉಂಟಾ?’ ಎರಡನೇ ಥರದವರೇ ಜಾಸ್ತಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಮದುವೆ ಹಾಲ್‌ನ ಕೈ ತೊಳೆಯುವ ಜಾಗದಲ್ಲಿ ನಿಂತು ವಿವರಿಸಿ ಸಾಕಾಗಿದೆ. ಒಮ್ಮೆ ಕೂತು ಬರೆದುಬಿಡುತ್ತೇನೆ.

ನಾನು ಹೈಸ್ಕೂಲ್ ಟೀಚರ್. ವಯಸ್ಸು 47. ಎತ್ತರ 158 ಸೆಂಟಿಮೀಟರ್. ಹೋದ ವರ್ಷ, ಅಂದರೆ 2025ರ ಮಳೆಗಾಲದಲ್ಲಿ ನನ್ನ ತೂಕ 91 ಕಿಲೋ. ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ ಲೆಕ್ಕದಲ್ಲಿ 36 ದಾಟುತ್ತದೆ. ನಮ್ಮ ದೇಶದವರಿಗೆ ಅದು 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಪಾಶ್ಚಾತ್ಯ ದೇಶಗಳಲ್ಲಿ ಬೊಜ್ಜಿನ ಗೆರೆ ಇರುವುದು 30ರಲ್ಲಿ. ನಮ್ಮವರಿಗೆ ಸ್ವಲ್ಪ ದಪ್ಪಗಾದರೂ ಕೊಬ್ಬು ಹೊಟ್ಟೆಯ ಒಳಗೆ ಸೇರುತ್ತದೆ, ಶುಗರ್ ಬೇಗ ಬರುತ್ತದೆ. ಅದಕ್ಕೇ ಗೆರೆ ಕೆಳಗೆ. ನನ್ನ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಅಳತೆ, 6.3 ಇತ್ತು. 6.5 ಆದರೆ ಶುಗರ್ ಕಾಯಿಲೆ ಎಂದೇ ಬರೆಯುತ್ತಾರೆ. ನನ್ನ ಅಮ್ಮನಿಗೆ ಶುಗರ್‌ನಿಂದ ಕಾಲಿನ ಎರಡು ಬೆರಳು ತೆಗೆಯಬೇಕಾಗಿ ಬಂದಿತ್ತು. ಆ ಬ್ಯಾಂಡೇಜ್ ಬದಲಿಸಿದವಳು ನಾನು. ಬೇರೆ ಯಾರೂ ನನಗೆ ಭಾಷಣ ಮಾಡಬೇಕಾಗಿರಲಿಲ್ಲ.

ಡಯೆಟ್ ಮಾಡದವಳೇನಲ್ಲ. ಕುಚ್ಚಲಕ್ಕಿ ಬಿಟ್ಟು ಚಪಾತಿ ತಿಂದಿದ್ದೇನೆ. ಬೆಳಿಗ್ಗೆ ಜೀರಿಗೆ ನೀರು ಕುಡಿದಿದ್ದೇನೆ. ಮಲ್ಪೆ ಬೀಚಿನಲ್ಲಿ ನಡೆದಿದ್ದೇನೆ. ಪ್ರತಿ ಸಲ ನಾಲ್ಕೈದು ಕಿಲೋ ಹೋಗುತ್ತಿತ್ತು, ಆಮೇಲೆ ಬಡ್ಡಿ ಸಮೇತ ವಾಪಸ್ ಬರುತ್ತಿತ್ತು.

ತೂಕದ ಸಮಸ್ಯೆ ನೋಡುವ ಡಾಕ್ಟರುಗಳು ಮಣಿಪಾಲದಲ್ಲೂ ಇದ್ದಾರೆ. ನಾನು ಹೋದದ್ದು ಮಂಗಳೂರಿಗೆ. ಅಕ್ಕನ ಮನೆ ಅಲ್ಲಿದೆ ಎನ್ನುವ ಒಂದೇ ಕಾರಣಕ್ಕೆ. ಹಾರ್ಮೋನ್ ಡಾಕ್ಟರು, ಎಂಡೋಕ್ರೈನಾಲಜಿಸ್ಟ್. ನನಗಿಂತ ಚಿಕ್ಕ ಪ್ರಾಯದ ಹೆಂಗಸು. ಏನು ತಿನ್ನುತ್ತೀರಿ ಎಂದು ಅವರು ಕೇಳಲೇ ಇಲ್ಲ. ಕೇಳಿದ್ದು ಬೇರೆ. ‘ಟೀಚರೇ, ಊಟ ಆಗಿ ಎಷ್ಟು ಹೊತ್ತಿಗೆ ಮತ್ತೆ ತಿಂಡಿಯ ಯೋಚನೆ ಬರುತ್ತದೆ?’

ನಗು ಬಂತು. ‘ಎಷ್ಟು ಹೊತ್ತಿಗೆ ಎಂದರೆ? ಊಟ ಮಾಡುವಾಗಲೇ ಸಂಜೆಗೆ ಏನು ಅಂತ ಯೋಚನೆ ಇರ್ತದೆ ಡಾಕ್ಟ್ರೇ.’

ಅವರು ನಗಲಿಲ್ಲ. ಬರೆದುಕೊಂಡರು.

ಆಮೇಲೆ ಪರೀಕ್ಷೆಗಳು. ಶುಗರ್, ಕೊಲೆಸ್ಟರಾಲ್, ಥೈರಾಯ್ಡ್, ಲಿವರ್, ಕಿಡ್ನಿ. ಹೊಟ್ಟೆಯ ಸ್ಕ್ಯಾನ್, ಪಿತ್ತಕೋಶದಲ್ಲಿ ಕಲ್ಲು ಇದೆಯಾ ನೋಡಲಿಕ್ಕೆ. ತೂಕ ಬೇಗ ಇಳಿದರೆ ಕಲ್ಲಾಗುವ ಸಂಭವ ಜಾಸ್ತಿ, ಈ ಮದ್ದಿನಲ್ಲೂ ಆ ತೊಂದರೆ ಕಂಡುಬಂದಿದೆ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿತ್ತಾ ಎಂದು ಎರಡು ಸಲ ಕೇಳಿದರು. ಮೆಡುಲ್ಲರಿ ಎಂಬ ಒಂದು ಬಗೆ ಇದೆಯಂತೆ, ಅದು ಮನೆತನದಲ್ಲಿದ್ದರೆ ಈ ಮದ್ದು ಕೊಡುವುದೇ ಇಲ್ಲ. ಪ್ಯಾಂಕ್ರಿಯಾಸ್, ಅಂದರೆ ಮೇದೋಜ್ಜೀರಕ ಗ್ರಂಥಿ, ಊದಿಕೊಂಡು ಆಸ್ಪತ್ರೆ ಸೇರಿದ್ದುಂಟಾ ಎಂದೂ ಕೇಳಿದರು. ಮಗುವಿನ ಯೋಚನೆ ಇದ್ದವರಿಗೆ ಇದು ಸಲ್ಲ, ಮೊದಲೇ ನಿಲ್ಲಿಸಬೇಕು. ನಮ್ಮ ಶಾಲೆಯ ಚಿಕ್ಕ ಟೀಚರುಗಳು ನನ್ನನ್ನು ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ. ಗರ್ಭನಿರೋಧಕ ಮಾತ್ರೆ ನುಂಗುವವರಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ನಾನು ತೆಗೆದುಕೊಳ್ಳುವ ಮದ್ದು ಆ ಮಾತ್ರೆಯ ಬಲವನ್ನು ಕಡಿಮೆ ಮಾಡಬಹುದು.

ನನಗೆ ಒಂದು ಹೆದರಿಕೆ ಇತ್ತು. ತುಂಬಾ ವರ್ಷ ಹಿಂದೆ ಅಕ್ಕ ಹಸಿವು ಕಡಿಮೆ ಮಾಡುವ ಕ್ಯಾಪ್ಸೂಲ್ ನುಂಗುತ್ತಿದ್ದಳು. ಸ್ಲಿಮ್ಮಿಂಗ್ ಸೆಂಟರಿನವರು ಕೊಟ್ಟದ್ದು. ನಿದ್ರೆ ಇಲ್ಲ, ಎದೆ ಢವಢವ. ಒಂದು ದಿನ ಬಾವ ಡಬ್ಬಿಯನ್ನೇ ತೆಗೆದು ಬಿಸಾಡಿದರು. ಇದೂ ಅದೇ ಜಾತಿಯಾ ಎಂದು ಡಾಕ್ಟರನ್ನು ಕೇಳಿದೆ.

ಅಲ್ಲವಂತೆ. ಹಳೆಯ ಮದ್ದುಗಳು ನರಗಳನ್ನು ಕೆಣಕಿ ಹಸಿವು ಅಡಗಿಸುತ್ತಿದ್ದವು. ಅದರ ಬಿಸಿ ಹೃದಯಕ್ಕೂ ಮುಟ್ಟುತ್ತಿತ್ತು. ಸಿಬುಟ್ರಮೀನ್ ಎಂಬುದನ್ನು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಿದರು. ಅದಕ್ಕೂ ಮೊದಲು ಫೆನ್‌ಫ್ಲುರಮೀನ್ ಎಂಬುದು ಹೃದಯದ ಕವಾಟ ಕೆಡಿಸುತ್ತದೆ ಎಂದು ಗೊತ್ತಾಗಿ ಅಮೆರಿಕದಲ್ಲಿ 1997ರಲ್ಲಿ ವಾಪಸ್ ಪಡೆದಿದ್ದರು. ಅಕ್ಕ ನುಂಗಿದ್ದು ಇವುಗಳಲ್ಲಿ ಯಾವುದು ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಡಬ್ಬಿಯ ಮೇಲೆ ಹೆಸರೇ ಇರಲಿಲ್ಲ.

ಈಗಿನ ಮದ್ದು ನಮ್ಮ ಕರುಳೇ ತಯಾರಿಸುವ ಹಾರ್ಮೋನಿನ ನಕಲು. ಊಟ ಕರುಳಿಗೆ ಇಳಿದಾಗ ಅಲ್ಲಿಂದ ಜಿಎಲ್‌ಪಿ-1 ಎಂಬುದು ಹೊರಡುತ್ತದೆ. ಪ್ಯಾಂಕ್ರಿಯಾಸ್‌ಗೆ ಇನ್ಸುಲಿನ್ ಬಿಡು ಎನ್ನುತ್ತದೆ. ಹೊಟ್ಟೆಗೆ ನಿಧಾನ ಖಾಲಿಯಾಗು ಎನ್ನುತ್ತದೆ. ಮಿದುಳಿಗೆ ಸಾಕು ಎನ್ನುತ್ತದೆ. ಆದರೆ ಅದರ ಆಯುಸ್ಸು ಒಂದೆರಡು ನಿಮಿಷ ಅಷ್ಟೇ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕತ್ತರಿಸಿಬಿಡುತ್ತದೆ. ಕತ್ತರಿಗೆ ಸಿಗದ ಹಾಗೆ ಅದನ್ನು ತಿದ್ದಿ ವಾರಗಟ್ಟಲೆ ಉಳಿಯುವಂತೆ ಮಾಡಿದ್ದೇ ಸೆಮಾಗ್ಲುಟೈಡ್. ಟಿರ್ಜೆಪಟೈಡ್ ಇನ್ನೂ ಒಂದು ಹೆಜ್ಜೆ ಮುಂದೆ, ಜಿಐಪಿ ಎಂಬ ಎರಡನೇ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಈ ಮದ್ದುಗಳ ಕಥೆಯಲ್ಲಿ ಒಂದು ಹಲ್ಲಿಯೂ ಬರುತ್ತದೆ. ಅಮೆರಿಕದ ಮರುಭೂಮಿಯ ವಿಷದ ಹಲ್ಲಿ, ಗಿಲಾ ಮಾನ್‌ಸ್ಟರ್. ಅದರ ಬಾಯಿಯ ವಿಷದಲ್ಲಿ ಜಿಎಲ್‌ಪಿ-1ರ ಹಾಗೇ ಕೆಲಸ ಮಾಡುವ, ಆದರೆ ಬೇಗ ಹಾಳಾಗದ ವಸ್ತುವನ್ನು ಜಾನ್ ಎಂಗ್ ಎಂಬ ಡಾಕ್ಟರು 1992ರಲ್ಲಿ ತೋರಿಸಿಕೊಟ್ಟರು. ಅದರಿಂದ ಬಂದ ಎಕ್ಸೆನಟೈಡ್ ಎಂಬ ಶುಗರ್ ಮದ್ದಿಗೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ಸಿಕ್ಕಿತು. ಇದನ್ನು ಮನೆಯಲ್ಲಿ ಹೇಳಬಾರದಿತ್ತು. ‘ಹಲ್ಲಿ ಮದ್ದು ಹಾಕಿಸಿಕೊಂಡಿಯಾ?’ ಎಂದು ಮಗಳು ಇವತ್ತಿಗೂ ಕೇಳುತ್ತಾಳೆ.

ನನಗೆ ಕೊಟ್ಟದ್ದು ಟಿರ್ಜೆಪಟೈಡ್. ಮೌಂಜಾರೋ ಎಂಬ ಹೆಸರಿನಲ್ಲಿ ಅದು ಭಾರತಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ. ಆಗ ಚುಚ್ಚಿಕೊಳ್ಳುವ ಪೆನ್ ಇರಲಿಲ್ಲ, ಚಿಕ್ಕ ಗಾಜಿನ ವಯಲ್ ಮಾತ್ರ. ವಾರಕ್ಕೆ ಒಂದು. 2.5 ಮಿಲಿಗ್ರಾಮಿನದ್ದಕ್ಕೆ ಆಗ 3,500 ರೂಪಾಯಿ, 5 ಮಿಲಿಗ್ರಾಮಿನದ್ದಕ್ಕೆ 4,375. ತಿಂಗಳಿಗೆ ನಾಲ್ಕು ಅಂತ ಗುಣಿಸಿ. ವಿಮೆಯವರನ್ನು ಕೇಳಿದೆ, ತೂಕದ ಮದ್ದಿಗೆ ಕೊಡುವುದಿಲ್ಲ ಎಂದರು. ‘ಚಿನ್ನದ ಚೀಟಿ ಕಟ್ಟುವ ದುಡ್ಡು ಅಲ್ಲಿಗೆ ಹೋಗಲಿ’ ಎಂದರು ಇವರು, ನನ್ನ ಗಂಡ. ದೊಡ್ಡ ಮನಸ್ಸು. ಚೀಟಿ ಕಟ್ಟುತ್ತಿದ್ದದ್ದು ನನ್ನ ಸಂಬಳದಿಂದ ಎನ್ನುವುದು ಬೇರೆ ವಿಷಯ.

ಮದ್ದನ್ನು ಊರಿಗೆ ತರುವುದು ಒಂದು ಕೆಲಸ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಐಸ್ ಕಟ್ಟಿ ಹೆಪ್ಪುಗಟ್ಟಿದರೆ ಹಾಳು. 30 ಡಿಗ್ರಿ ಮೀರದ ಕಡೆ ಹೊರಗೆ 21 ದಿನದವರೆಗೆ ಇಡಬಹುದು. ಆದರೆ ನಮ್ಮ ಕರಾವಳಿಯ ಏಪ್ರಿಲ್-ಮೇ ಸೆಕೆಯನ್ನು ನಂಬುವ ಹಾಗಿಲ್ಲ. ಮೆಡಿಕಲ್ ಶಾಪಿನವ ಜೆಲ್ ಪ್ಯಾಕ್ ಇಟ್ಟು ಕೊಡುತ್ತಾನೆ. ಮುಲ್ಕಿ, ಪಡುಬಿದ್ರಿ, ಕಾಪು ದಾಟಿ ಉಡುಪಿ ಬರುವವರೆಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಆ ಚೀಲ ಮಡಿಲಲ್ಲೇ. ಕಂಡಕ್ಟರ್ ಒಮ್ಮೆ, ‘ಐಸ್‌ಕ್ರೀಮಾ ಟೀಚರ್?’ ಎಂದ. ಹೌದು ಎಂದೆ. ಯಾರು ವಿವರಿಸುತ್ತಾರೆ?

ಚುಚ್ಚಿಕೊಳ್ಳುವುದು ಹೆದರಿದಷ್ಟು ಕಷ್ಟ ಇಲ್ಲ. ಇನ್ಸುಲಿನ್‌ನ ಸಪೂರ ಸೂಜಿ. ಹೊಕ್ಕುಳಿಂದ ಸ್ವಲ್ಪ ದೂರ, ಇಲ್ಲವಾದರೆ ತೊಡೆ. ಪ್ರತಿ ವಾರ ಜಾಗ ಬದಲಿಸಬೇಕು. ನಾನು ಬುಧವಾರ ರಾತ್ರಿ ಇಟ್ಟುಕೊಂಡೆ. ಭಾನುವಾರ ಮೀನಿನ ದಿನ, ಅದು ಹಾಳಾಗುವುದು ಬೇಡ ಅಂತ ಲೆಕ್ಕ ಹಾಕಿದ್ದು.

2.5 ಎನ್ನುವುದು ನಿಜವಾದ ಡೋಸ್ ಅಲ್ಲ, ಮೈ ಒಗ್ಗಲಿ ಅಂತ ಕೊಡುವುದು. ನಾಲ್ಕು ವಾರ ಆದ ಮೇಲೆ 5. ಬೇಕಿದ್ದರೆ ಹೀಗೇ ಮೆಟ್ಟಿಲು ಮೆಟ್ಟಿಲಾಗಿ 15ರವರೆಗೆ. ಆದರೂ ನನಗೆ ಮೊದಲ ವಾರದಲ್ಲೇ ಏನೋ ಆಯಿತು. ಆಟಿ ತಿಂಗಳ ಮಳೆ ದಿನಗಟ್ಟಲೆ ಮಾಡಿನ ಮೇಲೆ ಸುರಿದು, ಒಂದು ಬೆಳಿಗ್ಗೆ ಪಕ್ಕನೆ ನಿಂತಾಗ, ಇಷ್ಟು ದಿನ ಸದ್ದು ಇತ್ತು ಅಂತ ಗೊತ್ತಾಗುತ್ತದಲ್ಲ, ಹಾಗೆ. ಸ್ಟಾಫ್‌ರೂಮಿನಲ್ಲಿ ಯಾರೋ ಬನ್ಸ್ ತಂದಿದ್ದರು. ಪೊಟ್ಟಣ ಬಿಡಿಸಿ ಇಟ್ಟಿದ್ದರು. ನಾನು ಪೇಪರ್ ತಿದ್ದುತ್ತಾ ಇದ್ದೆ. ತಿದ್ದಿ ಮುಗಿದ ಮೇಲೆ ನೋಡಿದರೆ ಪೊಟ್ಟಣ ಖಾಲಿ, ನಾನು ಒಂದೂ ಮುಟ್ಟಿಲ್ಲ. ಬೇಡ ಅಂತ ಹಠ ಹಿಡಿದು ಬಿಟ್ಟದ್ದಲ್ಲ. ನೆನಪೇ ಆಗಲಿಲ್ಲ.

ಬೇರೆಯವರು ಹೀಗೇ ಬದುಕುತ್ತಾರಾ ಎಂದು ಆಶ್ಚರ್ಯವಾಯಿತು. ನಮ್ಮ ಸೈನ್ಸ್ ಟೀಚರ್ ಅರ್ಧ ಬಿಸ್ಕತ್ ತಿಂದು ಇನ್ನರ್ಧ ತಟ್ಟೆಯಲ್ಲಿ ಬಿಡುತ್ತಾರೆ. ಎಷ್ಟು ಸಂಯಮ ಎಂದುಕೊಳ್ಳುತ್ತಿದ್ದೆ. ಅವರಿಗೆ ಸಂಯಮದ ಅಗತ್ಯವೇ ಬಿದ್ದಿರಲಿಲ್ಲವೇನೋ.

ಇದು ಪೂರ್ತಿ ತಲೆಗೆ ಹೋದದ್ದು ಅಷ್ಟಮಿಯ ದಿನ. ಉಡುಪಿಯಲ್ಲಿ ಕೃಷ್ಣಾಷ್ಟಮಿ ಸೌರಮಾನದ್ದು, ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಬಂತು. ರಾತ್ರಿ ಚಂದ್ರ ಬಂದ ಮೇಲೆ ಅರ್ಘ್ಯ ಕೊಡುವವರೆಗೆ ಅತ್ತೆಯದು ಉಪವಾಸ. ನಾನೂ ಮಾಡುತ್ತಿದ್ದೆ, ಹೆಸರಿಗೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು. ಸಂಜೆ ಚಕ್ಕುಲಿ ಕರಿಯುವಾಗ ಬಾಣಲೆಯ ಎದುರು ನಿಂತು ಸಿಟ್ಟು. ಈ ಸಲ ಡಾಕ್ಟರನ್ನು ಕೇಳಿಯೇ ಉಪವಾಸ ಇದ್ದೆ, ನೀರು ಬಿಡಬಾರದು ಎಂದಿದ್ದರು. ಚಕ್ಕುಲಿ ಕರಿದೆ, ಉಂಡೆ ಕಟ್ಟಿದೆ, ಬೆರಳು ನೆಕ್ಕಲಿಲ್ಲ. ರಾತ್ರಿ ಆದದ್ದೇ ಗೊತ್ತಾಗಲಿಲ್ಲ. ‘ಈ ವರ್ಷ ಎಷ್ಟು ಭಕ್ತಿ ಬಂದಿದೆ ನಿನಗೆ’ ಎಂದು ಅತ್ತೆ ಖುಷಿಪಟ್ಟರು. ಪುಣ್ಯ ನನ್ನ ಲೆಕ್ಕಕ್ಕೋ ಮದ್ದಿನ ಲೆಕ್ಕಕ್ಕೋ, ಕೃಷ್ಣನೇ ನೋಡಿಕೊಳ್ಳಲಿ.

ಆದರೆ ಆ ರಾತ್ರಿ ಒಂದು ಯೋಚನೆ ಬಂತು. ಈಗಿನ ಉಪವಾಸ ನನ್ನ ಗುಣ ಅಲ್ಲವಾದರೆ, ಹಿಂದಿನ ಹಸಿವೂ ನನ್ನ ದೋಷ ಅಲ್ಲ ತಾನೇ? ‘ಬಾಯಿ ಕಟ್ಟು’ ಎಂದು ಎಷ್ಟು ಜನ ಹೇಳಿದ್ದರು. ಮನೆಗೆ ಬಂದ ನೆಂಟರು, ಬ್ಲೌಸ್ ಹೊಲಿಯುವವಳು, ಬಿಪಿ ನೋಡುವ ನರ್ಸ್. ಈಗ ಅದೇ ಜನ ‘ಎಂಥ ಕಂಟ್ರೋಲ್ ಮಾರಾಯ್ತಿ ನಿಂದು’ ಎನ್ನುತ್ತಾರೆ. ಎರಡೂ ಮಾತು ತಪ್ಪು ವಿಳಾಸಕ್ಕೆ ಬಂದ ಕಾಗದ. ಹೊಗಳಿಕೆ ಕೇಳುವಾಗ ಮೊದಲು ಹಿತ ಅನಿಸುತ್ತಿತ್ತು. ಈಗ ಇಂಜೆಕ್ಷನ್ ಎಂದು ಹೇಳಿಬಿಡುತ್ತೇನೆ. ಇಲ್ಲವಾದರೆ ಕೇಳಿಸಿಕೊಳ್ಳುತ್ತಿರುವ ಇನ್ನೊಬ್ಬ ದಪ್ಪಗಿನ ಹೆಂಗಸು ಮನೆಗೆ ಹೋಗಿ ತನ್ನನ್ನೇ ಬೈದುಕೊಳ್ಳುತ್ತಾಳೆ.

ಎಲ್ಲ ಸುಖವೇ ಎಂದುಕೊಳ್ಳಬೇಡಿ. 5ಕ್ಕೆ ಏರಿಸಿದ ಮೇಲೆ ವಾಕರಿಕೆ ಶುರುವಾಯಿತು. ಗುರುವಾರ, ಶುಕ್ರವಾರ ಜಾಸ್ತಿ. ಶುಂಠಿ ಹಾಕಿದ ಮಜ್ಜಿಗೆ ಕುಡಿದು ಪಾಠ ಮಾಡುತ್ತಿದ್ದೆ. ಕೊಳೆತ ಮೊಟ್ಟೆ ವಾಸನೆಯ ತೇಗು ಬರುತ್ತಿತ್ತು. ಕ್ಲಾಸಿನಲ್ಲಿ ಮುಂದಿನ ಬೆಂಚಿನವರ ಹತ್ತಿರ ಹೋಗಲಿಕ್ಕೆ ನಾಚಿಕೆ. ಮಲಬದ್ಧತೆಯಂತೂ ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಹೊಟ್ಟೆ ನಿಧಾನ ಖಾಲಿಯಾಗುವುದರಿಂದ ಕರಿದದ್ದು ಆಗಿ ಬರುವುದಿಲ್ಲ. ಮಳೆ ದಿನ ಸಂಜೆ ತಿಂದ ಗೋಳಿಬಜೆ ಮಲಗುವವರೆಗೂ ಎದೆಯ ಹತ್ತಿರವೇ ಕೂತಿರುತ್ತದೆ. ಈಗ ಒಂದರಲ್ಲಿ ನಿಲ್ಲಿಸುತ್ತೇನೆ. ಇದೇ ಕಾರಣಕ್ಕೆ ಯಾವುದಾದರೂ ಆಪರೇಶನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಈ ಮದ್ದಿನ ವಿಷಯ ಮೊದಲೇ ಹೇಳಲೇಬೇಕು. ಉಪವಾಸ ಇದ್ದರೂ ಹೊಟ್ಟೆಯಲ್ಲಿ ಊಟ ಉಳಿದಿರಬಹುದು.

ಯಾರೂ ಹೇಳದ ಕಷ್ಟ ಅಡುಗೆಮನೆಯದ್ದು. ಹಸಿವಿಲ್ಲದವಳು ಐದು ಜನರಿಗೆ ಅಡುಗೆ ಮಾಡಬೇಕು. ತೆಂಗಿನಕಾಯಿ ಮಸಾಲೆ ಕಡೆಯುವಾಗ ಮೊದಲು ಬಾಯಲ್ಲಿ ನೀರು ಬರುತ್ತಿತ್ತು, ಹುಳಿ ಎಷ್ಟು ಬೇಕು ಅಂತ ನಾಲಿಗೆ ಹೇಳುತ್ತಿತ್ತು. ಈಗ ಚಮಚ ಅಳೆದು ಹಾಕುತ್ತೇನೆ. ಬಂಗುಡೆ ಪುಳಿಮುಂಚಿ ಮಾಡಿದ ದಿನ ಇವರು ಏನೂ ಹೇಳದೆ ಉಂಡರು. ಚೆನ್ನಾಗಿಲ್ವಾ ಎಂದೆ. ‘ಚೆನ್ನಾಗಿ ಉಂಟು, ನಿನ್ನದ್ದಲ್ಲ’ ಎಂದರು. ಬೇಜಾರಾಯಿತು. ರುಚಿ ಹೋಗಿಲ್ಲ, ಆಸೆ ಹೋಗಿದೆ. ಅಡುಗೆಗೆ ಆಸೆಯೂ ಬೇಕು ಅಂತ ಅವತ್ತು ಗೊತ್ತಾದದ್ದು. ಭಾನುವಾರದ ಮೀನಿನ ಸಾರನ್ನು ಈಗ ಮಗಳೇ ರುಚಿ ನೋಡಿ ಹೇಳುತ್ತಾಳೆ, ಹುಳಿ ಸಾಲದು, ಮೆಣಸು ಜಾಸ್ತಿ ಎಂದು. ಪಾಪ, ಕಲಿಯುತ್ತಿದ್ದಾಳೆ.

ಸಮಾರಂಭಗಳದ್ದು ಇನ್ನೊಂದು ಕಥೆ. ಎಲೆಯ ಮುಂದೆ ಕೂತು ಎರಡನೇ ಸಲ ಅನ್ನ ಬೇಡ ಎಂದರೆ ಬಡಿಸುವವರು ಬಿಡುತ್ತಾರಾ? ಅತ್ತೆಗೆ ಒಂದೇ ಚಿಂತೆ. ‘ಸೊಸೆಗೆ ಹಾಕುವುದಿಲ್ಲ ಅಂತ ಊರವರು ನನ್ನನ್ನು ಹೇಳ್ತಾರೆ.’ ಪಾಯಸ ಒಂದು ಸೌಟು ಹಾಕಿಸಿಕೊಂಡು ನಿಧಾನ ತಿನ್ನುತ್ತಾ ಎಲ್ಲರ ಊಟ ಮುಗಿಯುವವರೆಗೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಊಟ ಕಡಿಮೆಯಾದಾಗ ಏನು ತಿನ್ನಬೇಕು ಎನ್ನುವುದು ಮೊದಲಿಗಿಂತ ಮುಖ್ಯ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಅದಕ್ಕೆ ಮೊದಲು ಪ್ರೊಟೀನ್, ಆಮೇಲೆ ತರಕಾರಿ, ಕೊನೆಗೆ ಅನ್ನ ಎಂದರು ಡಾಕ್ಟರು. ಗಂಜಿ ಮೊದಲು ಬಟ್ಟಲು ತುಂಬ, ಈಗ ಅರ್ಧ ಬಟ್ಟಲು. ಪಕ್ಕದಲ್ಲಿ ಹೆಸರುಕಾಳಿನ ಉಸ್ಲಿ, ಎರಡು ಮೊಟ್ಟೆ. ನಾನು ಶುರು ಮಾಡಿದ್ದು ಜುಲೈಯಲ್ಲಿ. ಜೂನ್, ಜುಲೈ ಆಳಸಮುದ್ರದ ಬೋಟುಗಳಿಗೆ ರಜೆ, ಮೀನಿಗೆ ಬೆಂಕಿ ಬೆಲೆ. ಆಗಸ್ಟ್ ಬಂದ ಮೇಲೆ ಬೂತಾಯಿ, ಬಂಗುಡೆ ಸಿಕ್ಕಿ ಸುಲಭವಾಯಿತು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಾಗೆ ರಬ್ಬರ್ ಬ್ಯಾಂಡ್ ಎಳೆಯುತ್ತೇನೆ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುತ್ತೇನೆ. ಕೂದಲು ಉದುರಿದ್ದು ಮಾತ್ರ ತಡೆಯಲಿಕ್ಕೆ ಆಗಲಿಲ್ಲ. ತೂಕ ಬೇಗ ಇಳಿದಾಗ ಹಾಗಾಗುತ್ತದೆ, ವಾಪಸ್ ಬರುತ್ತದೆ ಎಂದಿದ್ದಾರೆ. ಜಡೆಯಂತೂ ಈಗ ಅರ್ಧ ಆಗಿದೆ.

ಎಷ್ಟು ಇಳಿಯಿತು ಎಂದು ಎಲ್ಲರೂ ಕೇಳುತ್ತಾರೆ. ಈಗ 77ರ ಆಸುಪಾಸು. ಎಚ್‌ಬಿಎ1ಸಿ 5.6. ಟಿರ್ಜೆಪಟೈಡ್‌ನ ದೊಡ್ಡ ಪರೀಕ್ಷೆಯಲ್ಲಿ 72 ವಾರಗಳಲ್ಲಿ 5 ಮಿಲಿಗ್ರಾಮಿನವರು ಸರಾಸರಿ ನೂರಕ್ಕೆ 15ರಷ್ಟು, 15 ಮಿಲಿಗ್ರಾಮಿನವರು ನೂರಕ್ಕೆ 21ರ ಹತ್ತಿರ ತೂಕ ಕಳೆದುಕೊಂಡಿದ್ದರು. ಸೆಮಾಗ್ಲುಟೈಡ್‌ನಲ್ಲಿ 68 ವಾರಕ್ಕೆ ಸುಮಾರು 15. ಅಂದರೆ ನಾನು ಸರಾಸರಿಯವಳೇ, ವಿಶೇಷ ಏನೂ ಇಲ್ಲ. ಸರಾಸರಿ ಎಂದರೆ ಕೆಲವರಿಗೆ ತುಂಬ ಕಡಿಮೆ ಇಳಿಯುತ್ತದೆ ಎಂದೂ ಅರ್ಥ. ಡಾಕ್ಟರ ಚೀಟಿ ಇಲ್ಲದೆ, ಬ್ಯೂಟಿ ಪಾರ್ಲರಿನವರ ಮಾತು ಕೇಳಿ, ಎಲ್ಲಿಂದಲೋ ತರಿಸಿ ಚುಚ್ಚಿಕೊಳ್ಳುವವರೂ ಇದ್ದಾರೆ. ಅವರ ಧೈರ್ಯ ನನಗಿಲ್ಲ.

ಇನ್ನು ನಿಲ್ಲಿಸುವ ವಿಷಯ. ಇವರ ಪ್ರಶ್ನೆ ಅದೇ, ‘ಎಷ್ಟು ದಿನ ಅಂತ?’ ಕಳೆದ ಭೇಟಿಗೆ ಜೊತೆಗೆ ಬಂದು ನೇರ ಡಾಕ್ಟರನ್ನೇ ಕೇಳಿದರು. ‘ನಿಮ್ಮ ಬಿಪಿ ಮಾತ್ರೆ ಎಷ್ಟು ದಿನ ಅಂತ ಕೇಳಿದ್ದೀರಾ?’ ಎಂದರು ಅವರು. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ನೋಡಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತಂತೆ. ಹಸಿವು ತನ್ನ ಹಳೆಯ ಜಾಗಕ್ಕೆ ಬಂದು ಕೂರುತ್ತದೆ. ಕೇಳಿ ನನಗೆ ಬೇಸರಕ್ಕಿಂತ ಜಾಸ್ತಿ ಸಮಾಧಾನ ಆಯಿತು. ಹಿಂದೆ ಡಯೆಟ್ ಬಿಟ್ಟಾಗಲೂ ನನಗೆ ಆದದ್ದು ಅದೇ ಅಲ್ವಾ?

ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ನಲ್ಲಿ ಮುಗಿದಿದೆ, ನಮ್ಮ ದೇಶದ ಕಂಪನಿಗಳೂ ಅದನ್ನು ಮಾಡಬಹುದು. ಅದಕ್ಕೆ ಬದಲಾಯಿಸಿದರೆ ಖರ್ಚು ಇಳಿಯುತ್ತದಾ, ತೂಕ ಹಾಗೇ ನಿಲ್ಲುತ್ತದಾ ಎಂದು ಮುಂದಿನ ಭೇಟಿಯಲ್ಲಿ ಮಾತಾಡಬೇಕು. ಸದ್ಯಕ್ಕೆ 5ರಲ್ಲೇ ಇದ್ದೇನೆ. ಏರಿಸುವುದು ಬೇಡ ಎಂದು ನಾನೇ ಕೇಳಿಕೊಂಡೆ. ಇನ್ನಷ್ಟು ಸಪೂರ ಆಗಬೇಕೆಂಬ ಆಸೆ ನನಗಿಲ್ಲ. ವಾಕರಿಕೆ ಇಲ್ಲದೆ ಒಂದು ಪಿರಿಯಡ್ ಪಾಠ ಮಾಡುವುದು ಬೇಕು.

ಅಕ್ಕನಿಗೂ ಈಗ ಆಸೆ ಹುಟ್ಟಿದೆ. ಹಳೆಯ ಕ್ಯಾಪ್ಸೂಲಿನ ಕಥೆ ಮರೆತೇಬಿಟ್ಟಿದ್ದಾಳೆ. ಮೊದಲು ಎಲ್ಲ ಪರೀಕ್ಷೆ ಮಾಡಿಸು, ಸ್ಕ್ಯಾನ್ ಬಿಡಬೇಡ ಎಂದು ನಾನೇ ಒತ್ತಾಯ ಮಾಡಿದೆ. ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿದೆ. ಮೊದಲು ಅದರ ಇತ್ಯರ್ಥ ಆಗಲಿ, ಇಂಜೆಕ್ಷನ್ ಆಮೇಲೆ ನೋಡೋಣ ಎಂದಿದ್ದಾರೆ ಡಾಕ್ಟರು. ಅವಳಿಗೆ ಈಗ ಡಾಕ್ಟರ ಮೇಲೆ ಸಿಟ್ಟಿಲ್ಲ, ಕಲ್ಲಿನ ಮೇಲೂ ಇಲ್ಲ. ನನ್ನ ಫೋನ್ ಮಾತ್ರ ಎತ್ತುತ್ತಿಲ್ಲ.